ಮಣ್ಣಿನ ಫಲಕಗಳ ಕ್ಯಾಟಲಾಗು

ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬಹುದಾದಷ್ಟು ಸಣ್ಣ ಜೇಡಿಮಣ್ಣಿನ ಫಲಕ. ಅದರ ಎರಡೂ ಮೈಗಳನ್ನು ಸೇರಿಸಿದರೆ ಏಳೆಂಟು ಸಾಲು ಬರಹ. ಇಷ್ಟು ಕುರಿ, ಇಷ್ಟು ಮೇಕೆಮರಿ, ತಿಂಗಳ ಇಂಥ ದಿನ, ಅಬ್ಬಸಗನ ಕಡೆಯಿಂದ ಬಂದದ್ದನ್ನು ಇಂತಏಅ ವಹಿಸಿಕೊಂಡ, ಇಂಥ ತಿಂಗಳು, ಇಂಥ ವರ್ಷ. ಇದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಕುರಿಗಳು ಯಾವ ಊರಿನವು, ಯಾರಿಗಾಗಿ ಬಂದವು, ಅಬ್ಬಸಗನೆಂಬವನು ಯಾರು, ವಹಿಸಿಕೊಂಡ ಮೇಲೆ ಅವುಗಳ ಗತಿ ಏನಾಯಿತು ಎಂಬುದೆಲ್ಲ ಬರೆದವನಿಗೂ ಅದನ್ನು ತಪಾಸಣೆ ಮಾಡಬೇಕಾಗಿದ್ದವನಿಗೂ ಚೆನ್ನಾಗಿ ಗೊತ್ತಿದ್ದ ಸಂಗತಿಗಳಾದ್ದರಿಂದ ಲೆಕ್ಕದಲ್ಲಿ ಅವಕ್ಕೆ ಜಾಗವಿರಲಿಲ್ಲ. ನಾಲ್ಕು ಸಾವಿರ ವರ್ಷಗಳ ಬಳಿಕ ಅದನ್ನು ಓದಲು ಕೂತ ನಮಗೆ ಬೇಕಾದದ್ದೆಲ್ಲ ಆ ಬರೆಯದೆ ಬಿಟ್ಟ ಭಾಗದಲ್ಲಿಯೇ ಇದೆ.

ಈ ಬಗೆಯ ಲೆಕ್ಕಪತ್ರಗಳು ದಕ್ಷಿಣ ಇರಾಕಿನಲ್ಲಿ, ಪ್ರಾಚೀನ ನಿಪ್ಪೂರ್ ನಗರಕ್ಕೆ ಸಮೀಪದ ದ್ರೆಹೆಮ್ ಎಂಬ ದಿಬ್ಬದಿಂದ ಬಂದವು. ಅದರ ಹಳೆಯ ಹೆಸರು ಪುಝ್ರಿಶ್-ದಗಾನ್. ರೂಢಿಯಲ್ಲಿರುವ ಕಾಲಗಣನೆಯಂತೆ ಕ್ರಿ.ಪೂ. 2112ರಿಂದ 2004ರವರೆಗೆ ಊರ್ ನಗರದಿಂದ ಆಳಿದ ಮೂರನೆಯ ರಾಜವಂಶದ ಕಾಲದಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬರುತ್ತಿದ್ದ ಜಾನುವಾರುಗಳನ್ನು ಬರಮಾಡಿಕೊಂಡು, ದೇವಾಲಯಗಳಿಗೂ ಅರಮನೆಯ ಅಡುಗೆಮನೆಗೂ ಸೈನಿಕರಿಗೂ ಹಂಚುತ್ತಿದ್ದ ಕೇಂದ್ರ ಇದು. ದೊರೆ ಶುಲ್ಗಿಯ ಆಳ್ವಿಕೆಯ 39ನೇ ವರ್ಷಕ್ಕೆ ‘ಪುಝ್ರಿಶ್-ದಗಾನ್ ಕಟ್ಟಿದ ವರ್ಷ’ ಎಂದೇ ಹೆಸರು. ಈ ರಾಜವಂಶದ ಆಡಳಿತ ದಾಖಲೆಗಳಲ್ಲಿ ಇಂದು ತಿಳಿದಿರುವವೇ ಸುಮಾರು ಒಂದು ಲಕ್ಷ. ಮನುಷ್ಯ ಚರಿತ್ರೆಯ ಅಷ್ಟು ಹಿಂದಿನ ಯಾವ ಒಂದು ಶತಮಾನದ ಬಗ್ಗೆಯೂ ಇಷ್ಟು ಕಾಗದಪತ್ರ, ಅಥವಾ ಮಣ್ಣುಪತ್ರ ಎನ್ನಿ, ಉಳಿದಿಲ್ಲ.

ಹಸಿ ಜೇಡಿಮಣ್ಣಿನಲ್ಲಿ ಬೆಣೆಯಾಕಾರದ ಗುರುತುಗಳನ್ನು ಒತ್ತಿ ಬರೆಯುತ್ತಿದ್ದ ಈ ಲಿಪಿ, ಬೆಣೆಲಿಪಿ (ಕ್ಯೂನಿಫಾರ್ಮ್) ಎಂದೊಡನೆ ಜನರಿಗೆ ನೆನಪಾಗುವುದು ಗಿಲ್ಗಮೆಶ್ ಕಾವ್ಯ, ಹಮ್ಮುರಾಬಿಯ ಕಾನೂನು, ಪ್ರಳಯದ ಕಥೆ. ನನಗೂ ಅವು ಇಷ್ಟವೇ. ಆದರೆ ವೃತ್ತಿಜೀವನದ ಬಹುಭಾಗವನ್ನು ಗ್ರಂಥಾಲಯದ ಕ್ಯಾಟಲಾಗು ಕೆಲಸದಲ್ಲಿ ಕಳೆದವಳಾದ್ದರಿಂದಲೋ ಏನೋ, ಈ ಕ್ಷೇತ್ರದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಕಥೆಗಳಲ್ಲ, ಆ ಕಥೆಗಳನ್ನೂ ಕುರಿಲೆಕ್ಕಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಡೇಟಾಬೇಸುಗಳು. ಕ್ಯಾಟಲಾಗು ತಯಾರಿಸುವವರನ್ನು ವಿದ್ವಾಂಸರ ಪಂಕ್ತಿಯಲ್ಲಿ ಕೂರಿಸುವ ವಾಡಿಕೆ ನಮ್ಮಲ್ಲಿಲ್ಲ; ಎಲ್ಲಿಯೂ ಇಲ್ಲವೆಂದು ಕಾಣುತ್ತದೆ. ಈ ಒಂದು ಕ್ಷೇತ್ರದಲ್ಲಾದರೂ ಕ್ಯಾಟಲಾಗು ಸಿದ್ಧವಾಗದೆ ಓದು ಆರಂಭವಾಗುವುದೇ ಇಲ್ಲ ಎಂಬುದನ್ನು ತೋರಿಸಲು ಸಾಧ್ಯವಿದೆ. ಅದಕ್ಕೆ ದ್ರೆಹೆಮ್‌ಗಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ.

ದ್ರೆಹೆಮ್‌ನ ಫಲಕಗಳನ್ನು ಹೊರತೆಗೆದವರು ಪುರಾತತ್ತ್ವಜ್ಞರಲ್ಲ. 20ನೇ ಶತಮಾನದ ಮೊದಲ ದಶಕದ ಕೊನೆಗೆ ಅವು ಕಳ್ಳ ಅಗೆತದಿಂದ ಹೊರಬಂದು ಬಾಗ್ದಾದಿನ ಹಳೆವಸ್ತು ವ್ಯಾಪಾರಿಗಳ ಮೂಲಕ ಯೂರೋಪು, ಅಮೆರಿಕಗಳ ಮಾರುಕಟ್ಟೆ ಸೇರಿದವು. ಉಮ್ಮ ನಗರದ ಫಲಕಗಳ ಪಾಡೂ ಬಹುಮಟ್ಟಿಗೆ ಇದೇ. ಗಿರ್ಸು ನಗರದಲ್ಲಿ 1877ರಿಂದಲೇ ಅರ್ನೆಸ್ಟ್ ದ ಸಾರ್ಜೆಕ್ ನೇತೃತ್ವದಲ್ಲಿ ಫ್ರೆಂಚರ ಅಧಿಕೃತ ಉತ್ಖನನ ನಡೆದಿತ್ತು. ಆದರೂ 1894ರಲ್ಲಿ ಅಲ್ಲಿ ಹತ್ತಾರು ಸಾವಿರ ಫಲಕಗಳ ಭಂಡಾರ ಕಂಡಾಗ ಅದರಲ್ಲಿ ದೊಡ್ಡ ಪಾಲು ಕಳ್ಳರ ಕೈಗೆ ಹೋಯಿತು. ಪರಿಣಾಮವಾಗಿ ಒಂದೇ ಕಚೇರಿಯ ಒಂದೇ ತಿಂಗಳ ಲೆಕ್ಕಗಳು ಇಸ್ತಾಂಬುಲ್, ಪ್ಯಾರಿಸ್, ಲಂಡನ್, ಸೇಂಟ್ ಪೀಟರ್ಸ್‌ಬರ್ಗ್, ಯೇಲ್ ಎಂದು ಹಂಚಿಹೋದವು. ದೊಡ್ಡ ವಸ್ತುಸಂಗ್ರಹಾಲಯಗಳಷ್ಟೇ ಅಲ್ಲ, ಅಮೆರಿಕದ ಸಣ್ಣಪುಟ್ಟ ಕಾಲೇಜುಗಳು, ಗ್ರಂಥಾಲಯಗಳು, ಕತಲೋನಿಯಾದ ಮೊಂತ್ಸೆರಾತ್ ಬೆಟ್ಟದ ಕ್ರೈಸ್ತ ಮಠ ಕೂಡ ಇಂಥ ಫಲಕಗಳ ಒಡೆಯರಾದವು. ಆಗಿನ ಕಾಲಕ್ಕೆ ಅದು ಅಗ್ಗದ ಪ್ರತಿಷ್ಠೆ. ‘ಬೈಬಲಿಗಿಂತ ಹಳೆಯ ಬರಹ’ ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದಾಗಿತ್ತು.

ಹೀಗೆ ಚದುರಿದವುಗಳನ್ನು ಓದುತ್ತಿದ್ದ ಬಗೆಯೂ ಚದುರಿದ್ದೇ. ಒಬ್ಬ ವಿದ್ವಾಂಸ ಒಂದು ಸಂಗ್ರಹಕ್ಕೆ ಹೋಗಿ, ಫಲಕದ ಮೇಲೆ ಓರೆಯಾಗಿ ಬೆಳಕು ಬೀಳುವಂತೆ ಹಿಡಿದು, ಗೆರೆಗೆರೆಯನ್ನೂ ಶಾಯಿಯಲ್ಲಿ ನಕಲು ಮಾಡಿ, ವರ್ಷಗಳ ನಂತರ ಅದನ್ನು ಪುಸ್ತಕವಾಗಿಯೋ ಪತ್ರಿಕೆಯೊಂದರ ಲೇಖನವಾಗಿಯೋ ಅಚ್ಚು ಹಾಕಿಸುತ್ತಿದ್ದ. ಅಬ್ಬಸಗನ ಹೆಸರು ಬೇರೆಲ್ಲಿ ಬಂದಿದೆ ಎಂದು ತಿಳಿಯಬೇಕಾದವನು ಅಂಥ ನೂರಾರು ಪ್ರಕಟಣೆಗಳ ಹೆಸರುಸೂಚಿಗಳನ್ನು ತಿರುವಿಹಾಕಿ ತನ್ನದೇ ಕಾರ್ಡುಗಳ ಪೆಟ್ಟಿಗೆ ಕಟ್ಟಿಕೊಳ್ಳಬೇಕಾಗಿತ್ತು. ಆತ ತೀರಿಕೊಂಡರೆ ಪೆಟ್ಟಿಗೆ ಯಾವುದೋ ವಿಶ್ವವಿದ್ಯಾಲಯದ ಅಟ್ಟ ಸೇರುತ್ತಿತ್ತು.

ಕ್ಯೂನಿಫಾರ್ಮ್ ಡಿಜಿಟಲ್ ಲೈಬ್ರರಿ ಇನಿಶಿಯೇಟಿವ್, ಎಲ್ಲರೂ ಹೇಳುವಂತೆ ಸಿಡಿಎಲ್‌ಐ, ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಎಂಗ್ಲುಂಡ್ ಮತ್ತು ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ವಿಜ್ಞಾನ ಚರಿತ್ರೆ ಸಂಸ್ಥೆಯ ಪೀಟರ್ ದಾಮೆರೋ ಅದನ್ನು ಕಟ್ಟಿದವರಲ್ಲಿ ಮುಖ್ಯರು. ಕಾವ್ಯ ಪುರಾಣಗಳ ಕಡೆಯಿಂದ ಬಂದವರಲ್ಲ ಇವರು. ದಾಮೆರೋಗೆ ಆಸಕ್ತಿ ಇದ್ದದ್ದು ಮನುಷ್ಯ ಎಣಿಸಲು ಕಲಿತದ್ದು ಹೇಗೆ ಎಂಬುದರಲ್ಲಿ. ಎಂಗ್ಲುಂಡ್ ಊರ್ ಕಾಲದ ಕೂಲಿ ಲೆಕ್ಕಗಳನ್ನೂ ಮೀನುಗಾರಿಕೆಯ ದಾಖಲೆಗಳನ್ನೂ ಆಳವಾಗಿ ಓದಿದವರು. ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಕೊನೆಯ ಉರುಕ್ ನಗರದ ಆದಿಮ ಲೆಕ್ಕಫಲಕಗಳ ಮೇಲೆ ಬರ್ಲಿನ್ನಿನಲ್ಲಿ ನಡೆದ ಕೆಲಸದಲ್ಲಿ ಇಬ್ಬರೂ ಪಾಲುದಾರರು. ಲೆಕ್ಕಪತ್ರ ಓದುವವನಿಗೆ ಒಂದು ಫಲಕದಿಂದ ಏನೂ ಆಗದು, ಸಾವಿರ ಬೇಕು ಎಂಬುದನ್ನು ಅನುಭವದಿಂದ ಕಂಡುಕೊಂಡವರೇ ಇಂಥ ಯೋಜನೆಗೆ ಕೈಹಾಕಿದ್ದು ಆಕಸ್ಮಿಕವಲ್ಲ ಎನ್ನುವುದು ನನ್ನ ಅನಿಸಿಕೆ.

ಅವರು ಮಾಡಿದ ಮೊದಲ ಕೆಲಸ ಸಂಖ್ಯೆ ಕೊಟ್ಟದ್ದು. ಒಂದೊಂದು ಫಲಕಕ್ಕೂ ‘ಪಿ’ ಅಕ್ಷರದ ಮುಂದೆ ಆರು ಅಂಕಿಗಳ ಒಂದು ಸಂಖ್ಯೆ. ಫಲಕ ಯಾವ ದೇಶದಲ್ಲಿರಲಿ, ಯಾವ ಪುಸ್ತಕದಲ್ಲಿ ಯಾವ ಹೆಸರಿನಲ್ಲಿ ಅಚ್ಚಾಗಿರಲಿ, ಮಾರಾಟವಾಗಿ ಒಡೆಯ ಬದಲಾಗಲಿ, ಆ ಸಂಖ್ಯೆ ಬದಲಾಗುವುದಿಲ್ಲ. ಹೊರಗಿನವರಿಗೆ ಇದು ಗುಮಾಸ್ತಿಕೆಯಂತೆ ಕಾಣಬಹುದು. ಒಂದೇ ಫಲಕವನ್ನು ಮೂರು ಪ್ರಕಟಣೆಗಳು ಮೂರು ಹೆಸರಿನಲ್ಲಿ ಕರೆದಾಗ ಅದು ಮೂರು ಫಲಕವೆಂದು ಎಣಿಕೆಯಾಗುವ ಅಪಾಯ, ಎರಡು ಸಂಗ್ರಹಗಳಲ್ಲಿರುವ ಎರಡು ತುಂಡುಗಳು ಒಂದೇ ಫಲಕದವು ಎಂದು ಗೊತ್ತಾದಾಗ ಅದನ್ನು ಎಲ್ಲಿ ಬರೆದಿಡಬೇಕು ಎಂಬ ತೊಡಕು, ಇವನ್ನು ಎದುರಿಸಿದವರಿಗೆ ಮಾತ್ರ ಆ ಸಂಖ್ಯೆಯ ಬೆಲೆ ತಿಳಿಯುತ್ತದೆ. ಇಂದು ಅಲ್ಲಿ ಮೂರು ಲಕ್ಷಕ್ಕೂ ಮೀರಿದ ದಾಖಲೆಗಳಿವೆ. ಜಗತ್ತಿನ ಸಂಗ್ರಹಗಳಲ್ಲಿ ಒಟ್ಟಾರೆ ಐದು ಲಕ್ಷದಷ್ಟು ಫಲಕಗಳಿರಬಹುದು ಎಂಬ ಅಂದಾಜನ್ನು ಒಪ್ಪಿದರೆ ಇದು ಅರ್ಧಕ್ಕಿಂತ ಹೆಚ್ಚು.

ಚಿತ್ರ ತೆಗೆಯುವ ಕ್ರಮವೂ ಅಷ್ಟೇ ನೇರವಾದದ್ದು. ಸಿಡಿಎಲ್‌ಐ ತಂಡಗಳು ದುಬಾರಿ ಕ್ಯಾಮೆರಾಗಳ ಬದಲು ಕಚೇರಿಗಳಲ್ಲಿರುವಂಥ ಸಾಮಾನ್ಯ ಚಪ್ಪಟೆ ಸ್ಕ್ಯಾನರುಗಳನ್ನೇ ಹೊತ್ತುಕೊಂಡು ಸಂಗ್ರಹದಿಂದ ಸಂಗ್ರಹಕ್ಕೆ ಹೋದವು. ಸ್ಕ್ಯಾನರಿನ ದೀಪ ಒಂದು ಪಕ್ಕದಿಂದ ಓರೆಯಾಗಿ ಸಾಗುವುದರಿಂದ ಬೆಣೆಯ ಗುಳಿಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಫಲಕದ ಮುಂಬದಿ, ಹಿಂಬದಿ ಮತ್ತು ನಾಲ್ಕು ಅಂಚುಗಳನ್ನು ಬೇರೆಬೇರೆಯಾಗಿ ಸ್ಕ್ಯಾನ್ ಮಾಡಿ, ಕಪ್ಪು ಹಿನ್ನೆಲೆಯ ಮೇಲೆ ಶಿಲುಬೆಯ ಆಕಾರದಲ್ಲಿ ಜೋಡಿಸುತ್ತಾರೆ. ಅದಕ್ಕೆ ಅವರು ಇಟ್ಟ ಅಡ್ಡಹೆಸರು ‘ಫ್ಯಾಟ್‌ಕ್ರಾಸ್’. ಅಂಚುಗಳು ಯಾಕೆ ಬೇಕೆಂದರೆ, ಮುಂಬದಿಯ ಸಾಲುಗಳು ಜಾಗ ಸಾಲದೆ ಬಲ ಅಂಚಿನ ಮೇಲೆ ಸುತ್ತಿಕೊಂಡು ಹೋಗುವುದು ಸಾಮಾನ್ಯ; ಎಡ ಅಂಚಿನಲ್ಲಿ ಎಷ್ಟೋ ಸಲ ಒಟ್ಟು ಜಾನುವಾರುಗಳ ಸಂಖ್ಯೆಯನ್ನು ಬರೆದಿರುತ್ತಾರೆ. ಹಳೆಯ ಪುಸ್ತಕಗಳ ಫೋಟೋಗಳಲ್ಲಿ ಈ ಅಂಚುಗಳು ಇರುತ್ತಲೇ ಇರಲಿಲ್ಲ. ಇಂದು ಮೂರು ಆಯಾಮದ ಸ್ಕ್ಯಾನಿಂಗ್, ಬೇರೆಬೇರೆ ಕೋನದ ದೀಪಗಳಿರುವ ಗುಮ್ಮಟ ಕ್ಯಾಮೆರಾಗಳು ಬಂದಿವೆ, ಹೈಡಲ್‌ಬರ್ಗಿನಲ್ಲಿ ರೂಪುಗೊಂಡ ತಂತ್ರಾಂಶಗಳು ಸವೆದ ಗೆರೆಗಳನ್ನೂ ಎತ್ತಿ ತೋರಿಸುತ್ತವೆ. ಆದರೂ ಲಕ್ಷ ಲೆಕ್ಕದಲ್ಲಿ ಕೆಲಸ ಸಾಗಿದ್ದು ಆ ಬಡ ಸ್ಕ್ಯಾನರುಗಳಿಂದ.

ಚಿತ್ರದ ಪಕ್ಕದಲ್ಲಿ ಲಿಪ್ಯಂತರ ಇರುತ್ತದೆ. ಅದನ್ನು ಬರೆಯಲು ಒಂದು ಕಟ್ಟುನಿಟ್ಟಾದ ಪದ್ಧತಿಯುಂಟು, ಎಟಿಎಫ್ ಎನ್ನುತ್ತಾರೆ. ಯಾವ ಕೀಲಿಮಣೆಯಲ್ಲೂ ಸಿಗುವ ಗುರುತುಗಳಷ್ಟನ್ನೇ ಅದು ಬಳಸುತ್ತದೆ. ಮೊದಲ ಸಾಲಿನಲ್ಲಿ & ಗುರುತು, ಅದರ ಮುಂದೆ ಪಿ-ಸಂಖ್ಯೆ. ಬಳಿಕ ಮುಂಬದಿ ಎಂಬ ಸೂಚನೆ, ಬಳಿಕ ಸಾಲುಗಳು. ಪೂರ್ತಿ ಒಡೆದುಹೋದ ಭಾಗ ಚೌಕ ಕಂಸದೊಳಗೆ. ಅರೆಬರೆ ಕಾಣುವ ಚಿಹ್ನೆಯ ಮುಂದೆ #. ಓದು ಸಂದೇಹಾಸ್ಪದವಾದರೆ ಪ್ರಶ್ನಾರ್ಥಕ. ಲಿಪಿಕಾರನೇ ತಪ್ಪು ಬರೆದಿದ್ದು ಓದುವವರು ತಿದ್ದಿದ್ದರೆ ಆಶ್ಚರ್ಯಸೂಚಕ. ನಾನು ಮೇಲೆ ಹೇಳಿದ ಲೆಕ್ಕದ ಮುಖ್ಯ ಸಾಲುಗಳು ಅಲ್ಲಿ ಹೀಗಿರುತ್ತವೆ: ‘ಕಿ ಅಬ್-ಬ-ಸ6-ಗ-ತ / ಇನ್-ತ-ಏ3-ಅ / ಇ3-ದಬ್5’. ಆ ಅಂಕಿಗಳು ಉಚ್ಚಾರಕ್ಕೆ ಸೇರಿದವಲ್ಲ. ಒಂದೇ ಧ್ವನಿಗೆ ಈ ಲೆಕ್ಕಗಳ ಭಾಷೆಯಾದ ಸುಮೇರಿಯನ್ನಿನ ಬರಹದಲ್ಲಿ ಹಲವು ಚಿಹ್ನೆಗಳಿರುವುದರಿಂದ, ಬರೆದವನು ಅವುಗಳಲ್ಲಿ ಯಾವುದನ್ನು ಒತ್ತಿದ್ದಾನೆ ಎಂಬುದನ್ನು ವಿದ್ವಾಂಸರ ಪಟ್ಟಿಯ ಕ್ರಮಾಂಕದಿಂದ ಸೂಚಿಸುತ್ತಾರೆ. ‘ದಬ್5’ ಎಂದು ಓದುವ ಚಿಹ್ನೆಯೇ ಇನ್ನೊಂದು ಕಡೆ ‘ಕು’ ಆಗುತ್ತದೆ, ಮತ್ತೊಂದು ಕಡೆ ‘ತುಶ್’ ಆಗುತ್ತದೆ. ಕೊನೆಯ ‘ತ’ ಎಂಬುದು ಕನ್ನಡದ ‘ಇಂದ’ ಇದ್ದಂತೆ ಹೆಸರಿನ ಬಾಲಕ್ಕೆ ಅಂಟುವ ಪ್ರತ್ಯಯ. (ಇಷ್ಟಕ್ಕೇ ಸುಮೇರಿಯನ್ ಮತ್ತು ದ್ರಾವಿಡ ಭಾಷೆಗಳ ನೆಂಟಸ್ತನ ಸಾಧಿಸಹೊರಡುವವರು ನಮ್ಮಲ್ಲಿ ಬಹಳ. ಪ್ರತ್ಯಯ ಅಂಟಿಸುವ ಭಾಷೆಗಳು ತುರ್ಕಿಯಿಂದ ಜಪಾನಿನವರೆಗೂ ಇವೆ. ಸುಮೇರಿಯನ್ನಿಗೆ ಯಾವ ಬಂಧುವೂ ಇದುವರೆಗೆ ಖಚಿತವಾಗಿ ಸಿಕ್ಕಿಲ್ಲ.)

ಈಗ ವರ್ಷದ ಹೆಸರಿಗೆ ಬರೋಣ, ಯಾಕೆಂದರೆ ಡೇಟಾಬೇಸು ಓದಿನ ಸಾಧನವಾಗುವುದು ಇಲ್ಲಿಯೇ. ಊರ್ ರಾಜರು ವರ್ಷಗಳನ್ನು ಎಣಿಸುತ್ತಿರಲಿಲ್ಲ, ಹೆಸರಿಸುತ್ತಿದ್ದರು: ಇಂಥ ಪುರೋಹಿತನ ನೇಮಕವಾದ ವರ್ಷ, ಇಂಥ ಸಿಂಹಾಸನ ಮಾಡಿಸಿದ ವರ್ಷ, ಇಂಥ ನಗರ ನಾಶವಾದ ವರ್ಷ. ಈ ಹೆಸರುಗಳ ಕ್ರಮ ಪಟ್ಟಿಗಳಿಂದ ತಿಳಿದಿದೆ. ‘ಶಶ್ರುಮ್ ನಾಶವಾದ ವರ್ಷ’ ಎಂದು ಒಂದು ಫಲಕ ಹೇಳುತ್ತದೆ ಎಂದುಕೊಳ್ಳಿ. ಶುಲ್ಗಿಯ 42ನೇ ವರ್ಷದ ಹೆಸರು ಅದು. ಆದರೆ ಅವನ ನಂತರ ಪಟ್ಟಕ್ಕೆ ಬಂದ ಅಮರ್-ಸುಏನನ 6ನೇ ವರ್ಷದ ಹೆಸರೂ ಅದೇ. ‘ಎರಡನೆಯ ಬಾರಿ’ ಎಂಬ ಮಾತು ಪೂರ್ಣ ರೂಪದಲ್ಲಿ ಇರುತ್ತದೆಯಾದರೂ ಅವಸರದ ಲಿಪಿಕಾರ ಅದನ್ನು ಬಿಟ್ಟುಬಿಡುತ್ತಿದ್ದ. ಎರಡರ ನಡುವೆ ಹನ್ನೆರಡು ವರ್ಷಗಳ ಅಂತರ. ಫಲಕವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಯಾವುದು ಸರಿ ಎಂದು ಅದು ಹೇಳಲಾರದು. ಹೇಳುವವರು ಅದರೊಳಗಿನ ಜನ. ಅಬ್ಬಸಗನ ಹೆಸರಿರುವ, ಕಾಲ ಖಚಿತವಾಗಿರುವ ಉಳಿದ ಫಲಕಗಳನ್ನೆಲ್ಲ ಎಳೆದು ತಂದು ನೋಡಿದರೆ, ಅವನು ದ್ರೆಹೆಮ್‌ನ ಮುಖ್ಯಾಧಿಕಾರಿಯಾಗಿದ್ದದ್ದು ಅಮರ್-ಸುಏನನ ಕಾಲದಲ್ಲಿ ಎಂದೂ, ಶುಲ್ಗಿಯ ಕೊನೆಯ ವರ್ಷಗಳಲ್ಲಿ ಆ ಜಾಗದಲ್ಲಿ ನಾಸ ಎಂಬವನಿದ್ದನೆಂದೂ ತಿಳಿಯುತ್ತದೆ. ಅಂದರೆ ‘ಅಬ್ಬಸಗನಿಂದ’ ಎಂದು ಇರುವ ನಮ್ಮ ಫಲಕ ಅಮರ್-ಸುಏನನ 6ನೇ ವರ್ಷದ್ದು. ಒಂದು ಫಲಕದ ತೇದಿಯನ್ನು ನೂರಾರು ಬೇರೆ ಫಲಕಗಳು ಸಾಕ್ಷಿ ನಿಂತು ನಿಗದಿಪಡಿಸಿದವು. ಈಗ ಇದೂ ಸಾಕ್ಷಿಗಳ ಸಾಲಿಗೆ ಸೇರಿ ಇನ್ನೊಂದರ ತೇದಿಗೆ ಆಧಾರವಾಗುತ್ತದೆ. ಮ್ಯಾಡ್ರಿಡ್‌ನಲ್ಲಿ ಮಾನುಯೆಲ್ ಮೋಲಿನಾ ಕಟ್ಟಿದ, ಈ ಒಂದೇ ರಾಜವಂಶದ ದಾಖಲೆಗಳಿಗೆ ಮೀಸಲಾದ ಬಿಡಿಟಿಎನ್‌ಎಸ್ ಎಂಬ ಡೇಟಾಬೇಸು ಇಂಥ ಕೆಲಸಕ್ಕೆ ಹೇಳಿಮಾಡಿಸಿದ್ದು. ರಾಜ, ವರ್ಷ, ತಿಂಗಳು, ದಿನ, ಮುದ್ರೆ, ಊರು, ಹೀಗೆ ಯಾವುದರಿಂದ ಬೇಕಾದರೂ ಅಲ್ಲಿ ಫಲಕಗಳನ್ನು ಸಾಲುಗೂಡಿಸಬಹುದು. ಹಾಗೆ ಸಾಲುಗೂಡಿಸಿದಾಗ ಲಂಡನ್ನಿನ ಒಂದು ಫಲಕದಲ್ಲಿ ಒಳಬಂದ ಕುರಿ ಇಸ್ತಾಂಬುಲಿನ ಫಲಕದಲ್ಲಿ ಹೊರಗೆ ಹೋಗುವುದನ್ನು ನೋಡುವ ಅವಕಾಶ ಸಿಗುತ್ತದೆ.

ಹುಡುಕುವವನು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಲಿಪ್ಯಂತರವೆಂಬುದು ಫಲಕದ ಪ್ರತಿಬಿಂಬವಲ್ಲ. ಅದು ಆಯಾ ಕಾಲದ ವಿದ್ವಾಂಸರ ಅಭಿಪ್ರಾಯ. 1872ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರಳಯದ ಕಥೆಯಿರುವ ಫಲಕವನ್ನು ಗುರುತಿಸಿ ಹೆಸರಾದ ಜಾರ್ಜ್ ಸ್ಮಿತ್ ಆ ಕಾವ್ಯದ ನಾಯಕನನ್ನು ಇಝ್ದುಬರ್ ಎಂದು ಓದಿದ್ದರು. ಅದು ಗಿಲ್ಗಮೆಶ್ ಎಂದು ಗೊತ್ತಾಗಲು ಇನ್ನೂ ಸುಮಾರು ಹದಿನೆಂಟು ವರ್ಷ ಬೇಕಾಯಿತು. ಹಳೆಯ ಪುಸ್ತಕಗಳಲ್ಲಿ ಶುಲ್ಗಿ ದುಂಗಿಯಾಗಿದ್ದಾನೆ, ಅಮರ್-ಸುಏನ ಬುರ್-ಸಿನ್ ಆಗಿದ್ದಾನೆ. ದ್ರೆಹೆಮ್ ಲೆಕ್ಕಗಳಲ್ಲಿ ‘ಒಪ್ಪಿಸಿದ್ದು’ ಎಂಬರ್ಥದ ಪದವನ್ನು ಒಂದು ಪೀಳಿಗೆ ಒಂದು ರೀತಿ, ಮುಂದಿನ ಪೀಳಿಗೆ ಇನ್ನೊಂದು ರೀತಿ ಓದಿದೆ. ಹಾಗಾಗಿ ಇಂದಿನ ಓದನ್ನು ಟೈಪ್ ಮಾಡಿ ಹುಡುಕಿದರೆ ಹಳೆಯ ಲಿಪ್ಯಂತರಗಳು ಕೈತಪ್ಪುತ್ತವೆ. ಈ ತೊಂದರೆಗೆ ಪರಿಹಾರವೆಂದರೆ ಓದನ್ನು ಬದಿಗಿಟ್ಟು ಚಿಹ್ನೆಯನ್ನೇ ಹುಡುಕುವುದು. ಬೆಣೆಲಿಪಿಗೆ 2006ರಲ್ಲಿ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿತು. ಅದಕ್ಕಿಂತಲೂ ಹೆಚ್ಚಿನ ಕೆಲಸ ಮಾಡಿರುವುದು ಒಂದೊಂದು ಓದನ್ನೂ ಅದರ ಚಿಹ್ನೆಗೆ ಕಟ್ಟಿಹಾಕುವ ಪಟ್ಟಿಗಳು. ಯಂತ್ರ ಆ ಪಟ್ಟಿಯನ್ನು ನೋಡಿಕೊಂಡು ಎಲ್ಲ ಓದುಗಳನ್ನೂ ಚಿಹ್ನೆಗಳಾಗಿ ಬಿಚ್ಚಿ, ಹೋಲಿಸಿ ಕೊಡುತ್ತದೆ.

ಸಾಹಿತ್ಯದ ಕಡೆಗೆ ತಿರುಗಿದರೆ ಜೋಡಣೆಯ ಸ್ವರೂಪ ಬೇರೆ. ಕುರಿಲೆಕ್ಕಕ್ಕೆ ಇರುವುದು ಒಂದೇ ಪ್ರತಿ; ಕಾವ್ಯಕ್ಕೆ ಹತ್ತಾರು ಪ್ರತಿಗಳು, ಎಲ್ಲವೂ ಮುರಿದವು. ಒಂದರಲ್ಲಿ ಸಾಲಿನ ತಲೆ ಉಳಿದಿದ್ದರೆ ಇನ್ನೊಂದರಲ್ಲಿ ಬಾಲ. ಎಲ್ಲವನ್ನೂ ಒಂದರ ಕೆಳಗೊಂದು ಬರೆದು ನೋಡಿ, ಒಂದು ಪೂರ್ಣ ಪಾಠವನ್ನು ಕಟ್ಟಬೇಕು. ಎಲ್ಲಿಯೂ ಭೌತಿಕವಾಗಿ ಇಲ್ಲದ ಆ ಪಾಠಕ್ಕೆ ಡೇಟಾಬೇಸಿನಲ್ಲಿ ‘ಕ್ಯೂ’ ಅಕ್ಷರದ ಬೇರೆ ಸಂಖ್ಯೆ. ಆಕ್ಸ್‌ಫರ್ಡಿನಲ್ಲಿ ಜೆರೆಮಿ ಬ್ಲ್ಯಾಕ್ 1990ರ ದಶಕದ ಕೊನೆಗೆ ಆರಂಭಿಸಿದ ಇಟಿಸಿಎಸ್‌ಎಲ್ ಎಂಬ ಅಂತರ್ಜಾಲ ತಾಣ ಸುಮಾರು 400 ಸುಮೇರಿಯನ್ ಕೃತಿಗಳ ಪಾಠವನ್ನೂ ಇಂಗ್ಲಿಷ್ ಗದ್ಯಾನುವಾದವನ್ನೂ ಉಚಿತವಾಗಿ ತೆರೆದಿಟ್ಟಿತು. ದೇವತೆ ಇನನ್ನಾ ಪಾತಾಳಕ್ಕೆ ಇಳಿದ ಕಥೆಯನ್ನು ನಾನು ಮೊದಲು ಇಡಿಯಾಗಿ ಓದಿದ್ದು ಅಲ್ಲಿಯೇ. ಬ್ಲ್ಯಾಕ್ 2004ರಲ್ಲಿ ತೀರಿಕೊಂಡರು, 2006ರಲ್ಲಿ ಹಣ ನಿಂತಿತು, ತಾಣ ಅಂದಿನ ಸ್ಥಿತಿಯಲ್ಲೇ ನಿಂತಿದೆ. ನಂತರ ಸಿಕ್ಕ ಪ್ರತಿಗಳಾಗಲಿ ತಿದ್ದಿದ ಓದುಗಳಾಗಲಿ ಅದರಲ್ಲಿಲ್ಲ, ಆದರೂ ಜನ ಅದನ್ನೇ ಉಲ್ಲೇಖಿಸುತ್ತಾರೆ. ಧನಸಹಾಯ ಕೊಡುವ ಸಂಸ್ಥೆಗಳಿಗೆ ಹೊಸದನ್ನು ಉದ್ಘಾಟಿಸುವಲ್ಲಿ ಇರುವ ಉತ್ಸಾಹ ಇದ್ದದ್ದನ್ನು ನಡೆಸಿಕೊಂಡು ಹೋಗುವುದರಲ್ಲಿ ಇರುವುದಿಲ್ಲವೆಂಬ ದೂರು ಈ ಕ್ಷೇತ್ರದವರ ಬಾಯಲ್ಲಿ ಸದಾ ಕೇಳಿಬರುವುದು ಸುಮ್ಮನೆ ಅಲ್ಲ. ಸ್ಟೀವ್ ಟಿನ್ನಿ, ಎಲೀನರ್ ರಾಬ್ಸನ್, ನೀಕ್ ಫೆಲ್ಡ್‌ಹಾಯ್ಸ್ ನಡೆಸಿಕೊಂಡು ಬಂದ ಓರಾಕ್ ಎಂಬ ವೇದಿಕೆ ಬೇರೊಂದು ದಾರಿ ಹಿಡಿಯಿತು: ಅಸ್ಸೀರಿಯಾದ ರಾಜಪತ್ರಗಳು, ಶಾಸನಗಳು, ಪದಪಟ್ಟಿಗಳು ಎಂದು ಹಲವು ಸ್ವತಂತ್ರ ಯೋಜನೆಗಳು ಅದರ ಒಂದೇ ಸೂರಿನಡಿ ಇರುತ್ತವೆ, ಪ್ರತಿ ಪದವೂ ನಿಘಂಟಿನ ಮೂಲರೂಪಕ್ಕೆ ಕೊಂಡಿಯಾಗಿರುತ್ತದೆ, ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಎನ್ರಿಕೆ ಹಿಮೆನೆಸ್ ನೇತೃತ್ವದಲ್ಲಿ 2018ರಲ್ಲಿ ಆರಂಭವಾಗಿ 2023ರಲ್ಲಿ ಸಾರ್ವಜನಿಕರಿಗೆ ತೆರೆದ ಎಲೆಕ್ಟ್ರಾನಿಕ್ ಬ್ಯಾಬಿಲೋನಿಯನ್ ಲೈಬ್ರರಿ ಕೈಹಾಕಿದ್ದು ಎಲ್ಲರೂ ಬದಿಗೆ ಸರಿಸಿದ್ದ ವಸ್ತುವಿಗೆ: ಬೆರಳುಗುರಿನಷ್ಟು ಸಣ್ಣವೂ ಇರುವ, ನಾಲ್ಕಾರು ಚಿಹ್ನೆಗಳಷ್ಟೇ ಉಳಿದ ಚೂರುಗಳಿಗೆ. ಅಸ್ಸೀರಿಯಾದ ರಾಜಧಾನಿ ನಿನೆವೆಯಲ್ಲಿದ್ದ ದೊರೆ ಅಶುರ್‌ಬನಿಪಾಲನ ಗ್ರಂಥಾಲಯದಿಂದ 19ನೇ ಶತಮಾನದ ಮಧ್ಯದಲ್ಲಿ ಉತ್ಖನನ ನಡೆಸಿದ ಇಂಗ್ಲಿಷರ ಲೇಯಾರ್ಡ್ ಮತ್ತು ಮೋಸುಲ್‌ನವರೇ ಆದ ಹೊರ್ಮುಝ್ದ್ ರಸ್ಸಾಮ್ ಲಂಡನ್ನಿಗೆ ಕಳಿಸಿದ ಫಲಕಗಳೂ ಚೂರುಗಳೂ ಸೇರಿ 30,000ದಷ್ಟಿವೆ. ಜಾರ್ಜ್ ಸ್ಮಿತ್ ತಮ್ಮ ಕಣ್ಣು ಮತ್ತು ನೆನಪಿನ ಬಲದಿಂದ ಅವನ್ನು ಕೂಡಿಸುತ್ತಿದ್ದರು. ಮ್ಯೂನಿಕ್ ತಂಡ ಚೂರುಗಳನ್ನು ಲಿಪ್ಯಂತರಿಸಿ, ಚಿಹ್ನೆಗಳ ಸಣ್ಣ ಸಣ್ಣ ಸರಣಿಗಳನ್ನು ತಿಳಿದಿರುವ ಕೃತಿಗಳ ಜೊತೆ ಯಂತ್ರ ಹೋಲಿಸುವಂತೆ ಮಾಡಿತು. ಹಾಗೆ ಗುರುತಾದವುಗಳಲ್ಲಿ ಕ್ರಿ.ಪೂ. 130ರಷ್ಟು ಈಚಿನ ಗಿಲ್ಗಮೆಶ್ ಪ್ರತಿಯೊಂದರ ಚೂರೂ ಇದೆ. ಗ್ರೀಕರು ಬಂದು ಹೋದ ಮೇಲೂ ಆ ಕಾವ್ಯವನ್ನು ಬೆಣೆಲಿಪಿಯಲ್ಲಿ ನಕಲು ಮಾಡುವವರಿದ್ದರು. 2025ರಲ್ಲಿ ಹಿಮೆನೆಸ್ ಮತ್ತು ಬಾಗ್ದಾದ್ ವಿಶ್ವವಿದ್ಯಾಲಯದ ಅನ್ಮಾರ್ ಫಾದಿಲ್ ಬ್ಯಾಬಿಲೋನ್ ನಗರವನ್ನು ಹೊಗಳುವ, ಮೂಲದಲ್ಲಿ ಸುಮಾರು 250 ಸಾಲುಗಳಿದ್ದ ಸ್ತೋತ್ರವೊಂದನ್ನು ಪ್ರಕಟಿಸಿದರು. ಅದರ ಇನ್ನೂ 30 ಪ್ರತಿಗಳು ಡೇಟಾಬೇಸಿನ ನೆರವಿನಿಂದ ಪತ್ತೆಯಾಗಿದ್ದವು, ಶಾಲಾಮಕ್ಕಳು ಅಭ್ಯಾಸಕ್ಕೆ ಬರೆದವೂ ಅವುಗಳಲ್ಲಿದ್ದವು. ಎರಡು ಸಾವಿರ ವರ್ಷಕ್ಕೂ ಹಿಂದೆ ಶಾಲೆಯಲ್ಲಿ ಬರೆಯಿಸುತ್ತಿದ್ದಷ್ಟು ಪ್ರಸಿದ್ಧವಾಗಿದ್ದ ಕೃತಿ ನಮಗೆ ಹೆಸರಿಲ್ಲದೆ ಮರೆಯಾಗಿತ್ತು ಎಂಬುದು ನನಗೆ ಅದರ ಸಾಲುಗಳಷ್ಟೇ ಮುಖ್ಯವಾದ ಸುದ್ದಿಯಾಗಿ ಕಂಡಿತು.

ಈ ತಾಣದಲ್ಲಿ ನನಗೆ ತುಂಬ ಮೆಚ್ಚಿಗೆಯಾದದ್ದು ಇನ್ನೊಂದಿದೆ. ಡಬ್ಲ್ಯು. ಜಿ. ಲ್ಯಾಂಬರ್ಟ್‌ರಂಥ ಹಿಂದಿನ ವಿದ್ವಾಂಸರು ದಶಕಗಳ ಕಾಲ ಮ್ಯೂಸಿಯಮ್ಮಿನಲ್ಲಿ ಕುಳಿತು ಕೈಬರಹದಲ್ಲಿ ತುಂಬಿಸಿದ ನೋಟುಪುಸ್ತಕಗಳ ಪುಟಗಳನ್ನೂ ಅಲ್ಲಿ ಆಯಾ ಚೂರಿನ ಪಕ್ಕದಲ್ಲಿ ಇಟ್ಟಿದ್ದಾರೆ. ಯಂತ್ರಕ್ಕೆ ಓದಲು ಸಿಕ್ಕಿದ ಲಿಪ್ಯಂತರದ ಬುಡದಲ್ಲಿ ಇಂಥ ಹಸ್ತಾಕ್ಷರಗಳಿವೆ. ಅಟ್ಟ ಸೇರಬೇಕಾಗಿದ್ದ ಪೆಟ್ಟಿಗೆಗಳಲ್ಲಿ ಕೆಲವಾದರೂ ಹೀಗೆ ಕೆಳಗಿಳಿದವು.

ಯಂತ್ರಾನುವಾದದ ಬಗ್ಗೆ ಬಂದ ಉತ್ಸಾಹದ ಸುದ್ದಿಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. 2023ರಲ್ಲಿ ಇಸ್ರೇಲಿನ ಸಂಶೋಧಕರ ತಂಡವೊಂದು ಓರಾಕ್‌ನ ದತ್ತಾಂಶದಿಂದ ತರಬೇತಿ ಪಡೆದ, ಬ್ಯಾಬಿಲೋನಿಯ, ಅಸ್ಸೀರಿಯಾಗಳ ಭಾಷೆಯಾದ ಅಕ್ಕಾಡಿಯನ್ನಿನಿಂದ ಇಂಗ್ಲಿಷಿಗೆ ಅನುವಾದಿಸುವ ಮಾದರಿಯನ್ನು ಪ್ರಕಟಿಸಿತು. ಸಿದ್ಧ ಸೂತ್ರಗಳಲ್ಲೇ ಸಾಗುವ ರಾಜಶಾಸನ, ಶಕುನಗ್ರಂಥಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ; ಕಾವ್ಯ, ಪತ್ರಗಳಲ್ಲಿ ಮುಗ್ಗರಿಸುತ್ತದೆ, ಕೆಲವೊಮ್ಮೆ ಇಲ್ಲದ್ದನ್ನು ಕಟ್ಟಿ ಹೇಳುತ್ತದೆ. ತಜ್ಞರಿಗೆ ಮೊದಲ ಕರಡಾಗಿ ಅದು ಉಪಯುಕ್ತವೇ ಇರಬಹುದು. ನನ್ನಂಥವರಿಗೆ ಅಪಾಯವಿರುವುದು ನಯವಾದ ಇಂಗ್ಲಿಷ್ ವಾಕ್ಯದಲ್ಲಿ. ಅದು # ಗುರುತನ್ನೂ ಪ್ರಶ್ನಾರ್ಥಕವನ್ನೂ ಒರೆಸಿಹಾಕುತ್ತದೆ. ಲಿಪ್ಯಂತರದಲ್ಲಿ ಪ್ರಾಮಾಣಿಕವಾಗಿ ಗುರುತಿಸಿಟ್ಟ ಸಂದೇಹವೆಲ್ಲ ಅನುವಾದದಲ್ಲಿ ಖಚಿತವಾಗಿಬಿಡುತ್ತದೆ.

ಇನ್ನೊಂದು ಇಕ್ಕಟ್ಟು ಕ್ಯಾಟಲಾಗಿನ ‘ಮೂಲಸ್ಥಳ’ ಎಂಬ ಅಂಕಣದಲ್ಲಿದೆ. 2003ರ ಯುದ್ಧದ ನಂತರ ಇರಾಕಿನ ದಿಬ್ಬಗಳಲ್ಲಿ ಕಳ್ಳ ಅಗೆತ ಮಿತಿಮೀರಿತು. ಇರಿಸಗ್ರಿಗ್ ಎಂಬ ನಗರದ್ದೆಂದು ಬರಹದಿಂದಲೇ ಗೊತ್ತಾಗುವ ಸಾವಿರಕ್ಕೂ ಹೆಚ್ಚು ಊರ್ ಕಾಲದ ಫಲಕಗಳು ಮಾರುಕಟ್ಟೆಯಲ್ಲಿ ಕಾಣಿಸಿಕೊಂಡವು. ಅವನ್ನು ಯಾವ ಪುರಾತತ್ತ್ವಜ್ಞನೂ ಅಗೆದು ತೆಗೆದಿರಲಿಲ್ಲ. ಅವನ್ನು ಪ್ರಕಟಿಸಿದರೆ ಕಳ್ಳಮಾಲಿಗೆ ಬೆಲೆ ಏರಿಸಿದಂತೆ. ಪ್ರಕಟಿಸದಿದ್ದರೆ ಒಂದು ನಗರದ ಚರಿತ್ರೆಯೇ ಮತ್ತೆ ಮಣ್ಣುಪಾಲು. ಚಿತ್ರ ಮತ್ತು ಸಂಖ್ಯೆಯೊಂದಿಗೆ ದಾಖಲಾದ ಫಲಕವನ್ನು ಮುಂದೆ ಗುಟ್ಟಾಗಿ ಮಾರುವುದು ಕಷ್ಟ, ವಾಪಸು ಕೇಳುವುದು ಸುಲಭ ಎಂಬ ವಾದವೂ ಇದೆ. ಗಿಲ್ಗಮೆಶ್‌ನ ಕನಸಿನ ಭಾಗವಿರುವ ಫಲಕವೊಂದು ಅಮೆರಿಕದಿಂದ 2021ರಲ್ಲಿ ಇರಾಕಿಗೆ ಮರಳಿದ್ದನ್ನು ನೋಡಿದರೆ, ಮರಳಿಸುವುದು ಆಗದ ಮಾತಲ್ಲ. ನನಗಂತೂ ದಾಖಲಿಸುವವರ ಪಕ್ಷವೇ ಸರಿಯೆನಿಸುತ್ತದೆ, ಆದರೆ ಅಗೆದ ಗುಂಡಿಯಲ್ಲಿ ಅದರ ಪಕ್ಕ ಏನಿತ್ತು ಎಂಬುದನ್ನು ಯಾವ ದಾಖಲೆಯೂ ಮರಳಿ ತರಲಾರದು. ನಮ್ಮ ಶಾಸನಗಳ ಸ್ಥಿತಿ ಈ ಮಟ್ಟಿಗೆ ಮೇಲು: ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವ ಕಲ್ಲುಗಳಲ್ಲಿ ಹಲವು ಇನ್ನೂ ಕೆರೆಯ ಏರಿಯಲ್ಲೋ ಗುಡಿಯ ಮುಂದೋ ನಿಂತಿವೆ. ಕಲ್ಲು ಭಾರವಾಗಿದ್ದು ಒಳ್ಳೆಯದೇ ಆಯಿತು.

ಭಾರತದವರು ಈ ಡೇಟಾಬೇಸುಗಳಲ್ಲಿ ಸಹಜವಾಗಿ ಹುಡುಕುವ ಪದ ಮೆಲುಹ್ಹ. ಸಿಂಧೂ ಕಣಿವೆಯ ಪ್ರದೇಶಕ್ಕೆ ಮೆಸೊಪೊಟೇಮಿಯದವರು ಇಟ್ಟ ಹೆಸರು ಅದೆಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಅಕ್ಕಾಡ್‌ನ ದೊರೆ ಸರ್ಗೋನ್ ತನ್ನ ಬಂದರಿನಲ್ಲಿ ಮೆಲುಹ್ಹ, ಮಗಾನ್ (ಇಂದಿನ ಒಮಾನ್ ಕಡೆ), ದಿಲ್ಮುನ್‌ಗಳ (ಬಹ್ರೇನ್ ಕಡೆ) ಹಡಗುಗಳು ಲಂಗರು ಹಾಕಿದ್ದವೆಂದು ಹೇಳಿಕೊಂಡದ್ದೂ, ಪ್ಯಾರಿಸಿನ ಲೂವ್ರ್‌ನಲ್ಲಿರುವ ಮುದ್ರೆಯೊಂದರಲ್ಲಿ ಶು-ಇಲಿಶು ಎಂಬವನು ‘ಮೆಲುಹ್ಹ ಭಾಷೆಯ ದುಭಾಷಿ’ ಎಂದು ಕರೆಸಿಕೊಂಡದ್ದೂ ಪುಸ್ತಕಗಳಲ್ಲಿ ಆಗಾಗ ಬರುವ ಮಾತು. ಆದರೆ ಊರ್ ಕಾಲದ ಗಿರ್ಸು ಲೆಕ್ಕಗಳಲ್ಲಿ ಈ ಪದ ಬರುವ ರೀತಿ ನನಗೆ ಹೆಚ್ಚು ಬೆಲೆಬಾಳುವುದಾಗಿ ತೋರುತ್ತದೆ. ಅಲ್ಲಿ ಅದು ದೂರದೇಶವಲ್ಲ. ‘ಮೆಲುಹ್ಹ ಹಳ್ಳಿ’ ಎಂಬ ಒಂದು ಸ್ಥಳೀಯ ಊರು, ಬಾರ್ಲಿ ಒಪ್ಪಿಸುವ ಊರುಗಳ ಪಟ್ಟಿಯಲ್ಲಿ ಒಂದು. ಹಡಗಿನಲ್ಲಿ ಬಂದವರ ವಂಶದವರು ನೆಲೆನಿಂತು, ಸುಮೇರಿಯನ್ ಹೆಸರಿಟ್ಟುಕೊಂಡು, ಎಲ್ಲರಂತೆ ಧಾನ್ಯ ಅಳೆದುಕೊಡುತ್ತಿದ್ದಿರಬಹುದೆಂಬ ಊಹೆಗೆ ಆಧಾರ ಇಂಥ ನೀರಸ ಸಾಲುಗಳು. ಇವುಗಳಲ್ಲಿ ಒಂದನ್ನು ಮಾತ್ರ ಓದಿದವನು ಅದನ್ನು ಗಮನಿಸದೆಯೂ ಮುಂದೆ ಹೋದಾನು.

ಸಿಡಿಎಲ್‌ಐನ ಲಕ್ಷಾಂತರ ದಾಖಲೆಗಳಲ್ಲಿ ಅನುವಾದ ಇರುವವು ಸ್ವಲ್ಪವೇ. ಬಹುಪಾಲಕ್ಕೆ ಲಿಪ್ಯಂತರವೂ ಇಲ್ಲ. ತೆರೆದರೆ ಪಿ-ಸಂಖ್ಯೆ, ವಸ್ತುಸಂಗ್ರಹಾಲಯದ ಸಂಖ್ಯೆ, ಅಂದಾಜು ಕಾಲ, ಎತ್ತರ ಅಗಲ ದಪ್ಪದ ಅಳತೆ ಸಿಗುತ್ತವೆ, ಬರಹದ ಜಾಗ ಖಾಲಿ. ಇಂಥ ಖಾಲಿ ದಾಖಲೆಗಳನ್ನು ನೋಡಿ ನಿರಾಶರಾಗುವವರಿದ್ದಾರೆ. ಕ್ಯಾಟಲಾಗು ಮಾಡಿದವರಿಗೆ ಹಾಗೆನಿಸುವುದಿಲ್ಲ. ವಸ್ತು ಎಲ್ಲಿದೆ ಎಂದು ಗೊತ್ತಾದರೆ ಕೆಲಸದ ಮೊದಲ ಹಂತ ಮುಗಿದಂತೆ. ಎಂಗ್ಲುಂಡ್ 2020ರಲ್ಲಿ, ದಾಮೆರೋ ಅವರಿಗಿಂತ ಮುಂಚೆ 2011ರಲ್ಲಿ ತೀರಿಕೊಂಡರು. ಯೋಜನೆ ಈಗ ಆಕ್ಸ್‌ಫರ್ಡ್ ಸೇರಿದಂತೆ ಹಲವು ಕಡೆಯವರ ಕೈಯಲ್ಲಿ ನಡೆಯುತ್ತಿದೆ. ಯಾರು ಲಿಪ್ಯಂತರ ಸೇರಿಸಿದರು, ಯಾರು ಯಾವ ಸಾಲು ತಿದ್ದಿದರು ಎಂಬುದು ತೇದಿ ಸಹಿತ ಅಲ್ಲಿ ಉಳಿಯುತ್ತದೆ. ಹೀಗೆ ತುಂಬಿದ ಒಂದೊಂದು ಜಾಗವೂ, ‘ಶಶ್ರುಮ್ ನಾಶವಾದ ವರ್ಷ’ ಎಂದಷ್ಟೇ ಹೇಳಿ ಎರಡು ತೇದಿಗಳ ನಡುವೆ ಸಿಕ್ಕಿಬಿದ್ದಿರುವ ಯಾವುದೋ ಫಲಕಕ್ಕೆ ಇನ್ನೊಂದು ಸಾಕ್ಷಿಯನ್ನು ಒದಗಿಸಬಹುದು.